ಕಾಪಿ ನೋಡಿ ಪ್ರಿಂಟರಿಗೆ ಶಿಕ್ಷೆ ಕೊಡಬೇಡಿ

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಯವಳು. ಮನೆಯವರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು, ಮಗಳು ಎರಡನೇ ಪಿಯುಸಿ. ಜಾತಿ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್ ಅರ್ಜಿ ಅಂತ ವರ್ಷವೆಲ್ಲ ಜೆರಾಕ್ಸ್ ಅಂಗಡಿಗೆ ಅಲೆದು ಸಾಕಾಗಿ, ಹೊಲಿಗೆಯಲ್ಲಿ ಕೂಡಿಟ್ಟ ಹದಿನಾಲ್ಕು ಸಾವಿರ ಕೊಟ್ಟು ಮೈಸೂರಿನಿಂದ ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಮಾಡುವ ಟ್ಯಾಂಕ್ ಪ್ರಿಂಟರ್ ತಂದೆ. ಮೊದಲ ದಿನವೇ ಮಾವನವರ ಕಾಲದ ಕ್ರಯಪತ್ರದ ಕಾಪಿ ತೆಗೆದೆವು, ಬೂದಿ ಬಳಿದ ಹಾಗೆ ಬಂತು. ಮಗಳ ಫೋಟೊ ಸ್ಕ್ಯಾನ್ ಮಾಡಿ ಅರ್ಜಿಗೆ ಹಾಕಿದರೆ ತಗೊಳ್ಳಲೇ ಇಲ್ಲ. ಹೂವಿನ ಹೊಲದಲ್ಲಿ ಅವಳು ನಿಂತಿರುವ ಚಿತ್ರ ಪ್ರಿಂಟ್ ಮಾಡಿದರೆ ಚೆಂಡುಹೂವೆಲ್ಲ ಮಣ್ಣಿನ ಬಣ್ಣ. ಚಾಮರಾಜನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ ನೋಡಿ, "ಲೇಸರ್ ತಕಬೇಕಾಗಿತ್ತು ಕನಕ್ಕ, ಇದು ಆಟದ ಸಾಮಾನು" ಅಂದ. ಅವತ್ತಿನಿಂದ ಮನೆಯವರು ಅದಕ್ಕೆ "ನಿನ್ನ ಹದಿನಾಲ್ಕು ಸಾವಿರ" ಅಂತಲೇ ಹೆಸರಿಟ್ಟಿದ್ದಾರೆ. ವಾಪಸ್ ಕೊಡಲೇ? ಮೆಷಿನ್ ಒಳ್ಳೆಯದೋ ಕೆಟ್ಟದೋ ಅಂತ ತಿಳಿಯುವುದಾದರೂ ಹೇಗೆ?
ಒಬ್ಬ ಗೃಹಿಣಿ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ತಂಗಿ, ವಾಪಸ್ ಕೊಡುವ ಮಾತು ಸದ್ಯಕ್ಕೆ ಬಿಡಿ. ಬಿಲ್ ಮಾತ್ರ ಜೋಪಾನವಾಗಿರಲಿ. ನೀವು ಹೇಳಿರುವ ಮೂರು ದೂರುಗಳಲ್ಲಿ ಎರಡಕ್ಕೆ ಮೆಷಿನ್ ಕಾರಣವಲ್ಲ ಎಂದು ಪತ್ರ ಓದಿಯೇ ಹೇಳಬಹುದು. ಕ್ರಯಪತ್ರದ ದೂರು ಮಾತ್ರ ಪರೀಕ್ಷೆ ಬೇಡುತ್ತದೆ. ಅದನ್ನು ನೀವೂ ಮಗಳೂ ಒಂದು ಮಧ್ಯಾಹ್ನ ಕೂತು ಮಾಡಿ ಮುಗಿಸಬಹುದು.

ಕಾಪಿ ಎನ್ನುವುದರೊಳಗೆ ಎರಡು ಕೆಲಸಗಳಿವೆ. ಗಾಜಿನ ಕೆಳಗಿರುವ ಕಣ್ಣು ಕಾಗದವನ್ನು ಓದಬೇಕು, ಓದಿದ್ದನ್ನು ಇಂಕ್ ಇನ್ನೊಂದು ಕಾಗದಕ್ಕೆ ಇಳಿಸಬೇಕು. ಓದುವಾಗ ಆದ ತಪ್ಪೂ ಬರೆಯುವಾಗ ಆದ ತಪ್ಪೂ ಕಾಪಿಯಲ್ಲಿ ಬೆರೆತು ಹೋಗುತ್ತವೆ. ಅದನ್ನು ಕೈಯಲ್ಲಿ ಹಿಡಿದು ಯಾವ ಭಾಗ ಸರಿಯಿಲ್ಲ ಎಂದು ಯಾರೂ ಹೇಳಲಾರರು, ನಿಮ್ಮ ತಮ್ಮ ಕೂಡ. ಆದರೆ ಹೊಸ ಮೆಷಿನ್ ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಪರೀಕ್ಷೆ ಕಾಪಿಯದೇ. ಅದೂ ಮನೆಯ ಅತಿ ಹಳೆಯ ಕಾಗದದ್ದು! ನಿಮ್ಮ ಮಾವನವರ ಕಾಲದ್ದೆಂದರೆ ಬಹುಶಃ 1997ಕ್ಕೆ ಮುಂಚಿನದು, ಚಾಮರಾಜನಗರ ಇನ್ನೂ ಪ್ರತ್ಯೇಕ ಜಿಲ್ಲೆಯಾಗದೆ ಮೈಸೂರಿನ ಮೊಹರು ಬೀಳುತ್ತಿದ್ದ ಕಾಲದ್ದು. ಹಳದಿಗಟ್ಟಿದ ಛಾಪಾ ಕಾಗದ, ಹಿಂಬದಿಯ ಬರಹ ಮುಂದಕ್ಕೆ ಇಣುಕುವಷ್ಟು ತೆಳುವು, ಮಾಸಿದ ನೇರಳೆ ಮೊಹರು, ಮೂಲೆಯಲ್ಲಿ ಹೆಬ್ಬೆಟ್ಟು. ಕಪ್ಪುಬಿಳುಪಿನ ಕಾಪಿಗೆ ಹಳದಿ ಎಂಬ ಬಣ್ಣವೇ ತಿಳಿಯದು, ಅದನ್ನು ಬೂದಿ ಮಾಡಿಯೇ ಕೊಡುತ್ತದೆ. ದೊಡ್ಡ ಅಂಗಡಿಯ ಮೆಷಿನ್ನು ಹಿನ್ನೆಲೆಯ ಆ ಬೂದಿಯನ್ನು ತಾನಾಗಿಯೇ ಅಳಿಸುತ್ತದೆ. ಅದರ ಜೊತೆಗೆ ಎಷ್ಟೋ ಸಲ ಮೊಹರಿನ ಅರ್ಧವೂ ಅಳಿಸಿಹೋಗುತ್ತದೆ, ನಾವು ಗಮನಿಸುವುದಿಲ್ಲ ಅಷ್ಟೆ.

ಹಾಗಾಗಿ ಎರಡನ್ನೂ ಬಿಡಿಸಿ ನೋಡಿ. ಪ್ರಿಂಟ್ ಪರೀಕ್ಷಿಸುವಾಗ ಸ್ಕ್ಯಾನರಿನ ಮುಚ್ಚಳ ಎತ್ತಬೇಡಿ. ಸ್ಕ್ಯಾನ್ ಪರೀಕ್ಷಿಸುವಾಗ ಪ್ರಿಂಟ್ ತೆಗೆಯಬೇಡಿ, ಕಂಪ್ಯೂಟರ್ ಅಥವಾ ಫೋನಿನ ಪರದೆಯ ಮೇಲೆ ಹಿಗ್ಗಿಸಿ ನೋಡಿ.

ಪ್ರಿಂಟಿನಿಂದ ಶುರು ಮಾಡೋಣ. ಮೆಷಿನ್ನಿನ ಮೆನುವಿನಲ್ಲೋ ಫೋನಿನ ಆ್ಯಪ್‌ನಲ್ಲೋ 'ನಾಜಲ್ ಚೆಕ್' ಅಥವಾ ಪ್ರಿಂಟ್ ಗುಣಮಟ್ಟದ ಪುಟ ಎಂಬುದೊಂದು ಇರುತ್ತದೆ. ನಾಲ್ಕು ಬಣ್ಣಗಳ ಗೆರೆಗಳೋ ಪಟ್ಟಿಗಳೋ ಅದರಲ್ಲಿ ಮೂಡುತ್ತವೆ. ಗೆರೆ ಎಲ್ಲೂ ಕಡಿಯದಿದ್ದರೆ ಇಂಕ್ ಸರಿಯಾಗಿ ಇಳಿಯುತ್ತಿದೆ. ಕಡಿದಿದ್ದರೆ 'ಹೆಡ್ ಕ್ಲೀನಿಂಗ್', ಅಂದರೆ ಇಂಕ್ ಚಿಮ್ಮುವ ಹೆಡ್ಡನ್ನು ತೊಳೆಯುವ ಕೆಲಸ, ಒಂದು ಸಲ ಮಾಡಿ, ಮತ್ತೆ ನೋಡಿ. ಇನ್ನೂ ಕಡಿದಿದ್ದರೆ ಇನ್ನೊಂದು ಸಲ. ಆಮೇಲೆ ಒಂದು ರಾತ್ರಿ ಸುಮ್ಮನೆ ಬಿಟ್ಟು ಬೆಳಿಗ್ಗೆ ನೋಡಿ. ಸಿಟ್ಟಿಗೆ ಹತ್ತು ಸಲ ಕ್ಲೀನಿಂಗ್ ಒತ್ತಿದರೆ ಇಂಕೆಲ್ಲ ಒಳಗಿನ ಪ್ಯಾಡಿಗೆ ಹರಿಯುತ್ತದೆ, ಆ ಪ್ಯಾಡ್ ತುಂಬಿದರೆ ಮೆಷಿನ್ನು ಕೆಲಸವನ್ನೇ ನಿಲ್ಲಿಸುತ್ತದೆ. ಗೆರೆಗಳೆಲ್ಲ ಸರಿಯಿದ್ದೂ ನಿಂತ ಗೀಟುಗಳು ಜೋಡಿಯಾಗಿ, ಗರಗಸದ ಹಲ್ಲಿನ ಹಾಗೆ ಕಂಡರೆ 'ಹೆಡ್ ಅಲೈನ್‌ಮೆಂಟ್' ಮಾಡಿ. ಹೊಸ ಮೆಷಿನ್ ಬಂದಾಗ ಎಲ್ಲರೂ ಮರೆಯುವ ಕೆಲಸ ಇದು.

ಇದಾದ ಮೇಲೆ ಅಕ್ಷರ. ಪೆಟ್ಟಿಗೆಯ ಮೇಲೆ 5760 × 1440 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಅಂತ ಅಚ್ಚಾಗಿರಬಹುದು. ಹೆಡ್ ಎಷ್ಟು ಹತ್ತಿರ ಹತ್ತಿರ ಹನಿ ಬೀಳಿಸಬಲ್ಲದು ಎಂಬ ಲೆಕ್ಕವದು. ಅಕ್ಷರ ಎಷ್ಟು ಚೂಪಾಗಿ ಬರುತ್ತದೆ ಎಂಬುದು ಕಾಗದವನ್ನೂ ಇಂಕನ್ನೂ ಅವಲಂಬಿಸಿದ್ದು. ಕಣ್ಣಿನಿಂದ ಒಂದಡಿ ದೂರ ಹಿಡಿದ ಹಾಳೆಯಲ್ಲಿ ಇಂಚಿಗೆ ಸುಮಾರು 300 ಚುಕ್ಕಿಗಿಂತ ಹೆಚ್ಚಿನ ವಿವರ ಸಾಮಾನ್ಯ ಕಣ್ಣಿಗೆ ದಕ್ಕುವುದೂ ಇಲ್ಲ. ಕಂಪನಿಗಳ ಪರೀಕ್ಷಾ ಪುಟದಲ್ಲಿ ಇರುವುದು ಇಂಗ್ಲಿಷ್ ಅಕ್ಷರ. ಅದು ಚೆನ್ನಾಗಿ ಬಂದರೆ ನಮಗೇನು ಬಂತು? ಕನ್ನಡದ ಕಷ್ಟವೇ ಬೇರೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತವೆ. ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕಿಯಿಂದ. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಅಡಿಯ ಒಂದು ಸೀಳಿನಿಂದ. ಇಂಕ್ ಕೂದಲೆಳೆಯಷ್ಟು ಹಬ್ಬಿದರೂ ಮೊದಲು ಮುಚ್ಚಿಹೋಗುವುದು ಇವೇ. ಮಗಳಿಗೆ ಹೇಳಿ, ನುಡಿ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ 'ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮೀ, ಧರ್ಮಸ್ಥಳ, ಕಠಿಣ, ಫಲ, ಹಿಮವದ್ ಗೋಪಾಲಸ್ವಾಮಿ ಬೆಟ್ಟ' ಅಂತ ಒಂದು ಸಾಲು ಟೈಪ್ ಮಾಡಲಿ. ಅದನ್ನೇ 8, 10, 12 ಪಾಯಿಂಟ್ ಗಾತ್ರದಲ್ಲಿ ಒಂದರ ಕೆಳಗೊಂದು ಇಟ್ಟು ಪಿಡಿಎಫ್ ಮಾಡಲಿ. ಪ್ರಿಂಟ್ ಗುಣಮಟ್ಟ 'ಸ್ಟ್ಯಾಂಡರ್ಡ್' ಇಟ್ಟು ಒಂದು, 'ಹೈ' ಇಟ್ಟು ಒಂದು ತೆಗೆಯಿರಿ. 10 ಪಾಯಿಂಟಿನಲ್ಲಿ 'ಸ್ವಾತಂತ್ರ್ಯ'ದ ಕೊನೆಯ ಅಕ್ಷರದ ಎರಡು ಒತ್ತೂ ಬೇರೆಬೇರೆಯಾಗಿ ಕಂಡು, ಠ ಒಳಗಿನ ಚುಕ್ಕಿ ಚುಕ್ಕಿಯಾಗಿಯೇ ಉಳಿದರೆ ಯಾವ ಅರ್ಜಿಗೂ ಅದು ಸಾಕು. 8ರಲ್ಲೂ ಉಳಿದರೆ ನಿಮ್ಮ ಮೆಷಿನ್ನಿನ ಬಗ್ಗೆ ನೀವು ಜಂಬ ಪಡಬಹುದು.

ಒಂದು ಎಚ್ಚರಿಕೆ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಪಹಣಿಯ ಫೋಟೊ ಪ್ರಿಂಟ್ ಮಾಡಿ ಅಕ್ಷರ ಮಸುಕು ಎನ್ನಬೇಡಿ. ಚಿತ್ರವಾಗಿ ಕಳಿಸಿದ್ದನ್ನೆಲ್ಲ ಅದು ಹಿಂಡಿ ಚಿಕ್ಕದು ಮಾಡಿರುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲವೇ ಪಹಣಿ ಸಿಗುವ 'ಭೂಮಿ' ಜಾಲತಾಣದಿಂದ ನೀವೇ ಇಳಿಸಿಕೊಳ್ಳಿ.

ಅದೇ ಪಿಡಿಎಫನ್ನು ಎರಡು ಬಗೆಯ ಕಾಗದದ ಮೇಲೂ ನೋಡಿ. ಅಗ್ಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಹಾಳೆಯಲ್ಲಿ ಇಂಕ್ ಎಳೆಎಳೆಯಾಗಿ ಹಬ್ಬುವುದು ಹೆಚ್ಚು. ಒಳ್ಳೆಯ 80 ಜಿಎಸ್‌ಎಂ ಹಾಳೆಗೆ ಬದಲಾದರೆ ಅದೇ ಮೆಷಿನ್ನು ಬೇರೆ ಮೆಷಿನ್ನಿನ ಹಾಗೆ ಬರೆಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಬಂಡಲ್ ತೇವ ಹೀರುತ್ತದೆ, ಅದನ್ನು ಅದರ ಕವರಿನಲ್ಲೇ ಇಡಿ. ಇಂಕಿನಲ್ಲೂ ಎರಡು ಜಾತಿ. ಪಿಗ್ಮೆಂಟ್ ಇಂಕಿನ ಬಣ್ಣದ ಕಣಗಳು ಹಾಳೆಯ ಮೇಲ್ಮೈಯಲ್ಲೇ ಕೂರುತ್ತವೆ, ನೀರಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಡೈ ಇಂಕ್ ಹಾಳೆಯೊಳಕ್ಕೆ ಇಂಗುತ್ತದೆ, ಒದ್ದೆಯಾದರೆ ಹರಿಯುತ್ತದೆ. ಕೆಲವು ಟ್ಯಾಂಕ್ ಮಾದರಿಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಇನ್ನು ಕೆಲವಲ್ಲಿ ನಾಲ್ಕೂ ಡೈ. ಪ್ರಿಂಟ್ ತೆಗೆದ ಮರುದಿನ ಒದ್ದೆ ಬೆರಳಿನಿಂದ ಒಂದು ಅಕ್ಷರ ಉಜ್ಜಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ. ಚುನಾವಣೆಯ ಅಳಿಸದ ಶಾಯಿ ನಮ್ಮ ಪಕ್ಕದ ಮೈಸೂರಿನಲ್ಲೇ ತಯಾರಾಗುತ್ತದೆ, ನಿಜ. ಪ್ರಿಂಟರಿನ ಬಾಟಲಿಯಲ್ಲಿರುವುದು ಆ ವಂಶದ್ದಲ್ಲ. ಡೈ ಇಂಕಿನದಾದರೆ ತಾಲ್ಲೂಕು ಕಚೇರಿಗೆ ಮಳೆಯಲ್ಲಿ ಒಯ್ಯುವ ಅರ್ಜಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಅಷ್ಟೇ.

ಈಗ ಸ್ಕ್ಯಾನ್. ನನ್ನ ಮಟ್ಟಿಗೆ ಇಂಥ ಮೆಷಿನ್ನಿನ ನಿಜವಾದ ಬೆಲೆ ಇರುವುದು ಇಲ್ಲೇ, ಯಾಕೆಂದರೆ ಪ್ರಿಂಟ್ ಕೆಟ್ಟರೆ ಇನ್ನೊಂದು ತೆಗೆಯಬಹುದು, ಹಳೆ ಕ್ರಯಪತ್ರ ಹರಿದುಹೋದರೆ ಮನೆಯಲ್ಲಿ ಉಳಿಯುವುದು ಸ್ಕ್ಯಾನ್ ಒಂದೇ. ಇದನ್ನು ಪರೀಕ್ಷಿಸಲು ನಿಮ್ಮ ಕೈಯಲ್ಲೇ ಸಾಧನವಿದೆ. ಬಿಳಿ ಹಾಳೆಯ ಮೇಲೆ ಸ್ಟ್ಯಾಂಪ್ ಪ್ಯಾಡಿನಿಂದ ನಿಮ್ಮದೇ ಹೆಬ್ಬೆಟ್ಟು ಒತ್ತಿ. ಅದನ್ನು ಇಂಚಿಗೆ 100, 300, 600 ಚುಕ್ಕಿಯಲ್ಲಿ ಮೂರು ಸಲ ಸ್ಕ್ಯಾನ್ ಮಾಡಿ ಪರದೆಯಲ್ಲಿ ಹಿಗ್ಗಿಸಿ. ಬೆರಳಿನ ಏಣುಗಳ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರ್. 100ರಲ್ಲಿ ಒಂದು ಏಣಿಗೆ ಸಿಗುವುದು ಎರಡೇ ಚುಕ್ಕಿ, ಹಾಗಾಗಿ ಎಲ್ಲ ಕಲಸಿಹೋಗುತ್ತದೆ. 300ರಲ್ಲಿ ಗೆರೆಗಳು ಬಿಡಿಬಿಡಿಯಾಗಿ ಕಾಣಲೇಬೇಕು. 600ರಲ್ಲಿ ಗೆರೆಯ ಅಂಚು ಇನ್ನೂ ಚೂಪಾಗಬೇಕು. ಬೆರಳಚ್ಚು ಯಂತ್ರಗಳಿಗೆ ಜಗತ್ತಿನಲ್ಲಿ ರೂಢಿಯಲ್ಲಿರುವ ಅಳತೆಯೇ ಇಂಚಿಗೆ 500. 600ರಲ್ಲಿ ಕಡತ ಮಾತ್ರ ದೊಡ್ಡದಾಗಿ ವಿವರ ಹೆಚ್ಚದಿದ್ದರೆ ನಿಮ್ಮ ಸ್ಕ್ಯಾನರಿನ ಮಿತಿ ಅಲ್ಲಿಗೇ ಮುಗಿಯಿತು. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಳಲ್ಲಿ ಕೆಲವು ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕಿಗಳು. 'ಆಪ್ಟಿಕಲ್' ಎಂದು ಬರೆದಿರುವುದೊಂದನ್ನೇ ನಂಬಿ. ಪರೀಕ್ಷೆ ಮುಗಿದ ಮೇಲೆ ಆ ಹಾಳೆಯನ್ನು ಹರಿದುಹಾಕಿ, ಕಡತ ಅಳಿಸಿ. ಹೆಬ್ಬೆಟ್ಟು ಎಲ್ಲೆಂದರಲ್ಲಿ ಬಿದ್ದಿರಬಾರದು. ಐನೂರರ ನೋಟು ಇಟ್ಟು ಪರೀಕ್ಷಿಸುವ ಚಪಲವೂ ಬೇಡ, ನೋಟಿನ ನಕಲು ತೆಗೆಯುವುದು ಕಾನೂನಿನ ತೊಡಕು.

ಇನ್ನೊಂದು ಪರೀಕ್ಷೆ ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಿಂದ. ಅಳತೆಯ ಈ ಪರೀಕ್ಷೆಯಲ್ಲಿ ಮಾತ್ರ ಸ್ಕ್ಯಾನ್, ಪ್ರಿಂಟ್ ಎರಡೂ ಒಟ್ಟಿಗೆ ಬೇಕು. ಅದನ್ನು ಗಾಜಿನ ಮೇಲೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಇಟ್ಟು ಸ್ಕ್ಯಾನ್ ಮಾಡಿ, 'ಆ್ಯಕ್ಚುಯಲ್ ಸೈಜ್' ಅಥವಾ 100% ಎಂದು ಆರಿಸಿ ಪ್ರಿಂಟ್ ತೆಗೆದು, ಅದರ ಪಕ್ಕದಲ್ಲಿ ನಿಜವಾದ ಸ್ಕೇಲ್ ಹಿಡಿಯಿರಿ. 15 ಸೆಂಟಿಮೀಟರ್ ಎರಡು ದಿಕ್ಕಿನಲ್ಲೂ 15 ಆಗಿಯೇ ಇರಬೇಕು. 'ಫಿಟ್ ಟು ಪೇಜ್' ಎಂದು ಬಿಟ್ಟರೆ ಹಾಳೆಯ ಅಂಚಿಗಾಗಿ ಎಲ್ಲವೂ ಸ್ವಲ್ಪ ಕುಗ್ಗುತ್ತದೆ. ಅರ್ಜಿಗೆ ಇದರಿಂದ ನಷ್ಟವಿಲ್ಲ. ಆದರೆ ಜಮೀನಿನ 11ಇ ನಕ್ಷೆಯನ್ನೋ ಹಳೆಯ ಸರ್ವೆ ಸ್ಕೆಚ್ಚನ್ನೋ ಹೀಗೆ ಪ್ರಿಂಟ್ ಮಾಡಿ ಸ್ಕೇಲ್ ಇಟ್ಟು ಬದುವಿನ ಉದ್ದ ಲೆಕ್ಕ ಹಾಕಿದರೆ ದಾಯಾದಿಗಳ ಜೊತೆ ಇಲ್ಲದ ಜಗಳ ಹುಟ್ಟುತ್ತದೆ.

ಮನೆ ಬಳಕೆಯ ಈ ಮೆಷಿನ್ನುಗಳಲ್ಲಿ ಹೆಚ್ಚಿನವು ಗಾಜಿಗೆ ಅಂಟಿದ್ದನ್ನು ಮಾತ್ರ ಚೂಪಾಗಿ ಓದುತ್ತವೆ. ಗಾಜಿನಿಂದ ಎರಡು ಮೂರು ಮಿಲಿಮೀಟರ್ ಮೇಲೆದ್ದರೆ ಮಸುಕು. ದಪ್ಪ ಪುಸ್ತಕದ ಹೊಲಿಗೆಯ ಹತ್ತಿರ ಕಪ್ಪಾಗುವುದು, ಮಡಿಕೆ ಬಿದ್ದ ಪತ್ರದ ಮಡಿಕೆಯಲ್ಲೇ ಅಕ್ಷರ ಹೋಗುವುದು ಇದರಿಂದ. ಇದು ದೋಷವಲ್ಲ, ಈ ಬೆಲೆಯ ಸ್ಕ್ಯಾನರುಗಳ ಗುಣವೇ ಹೀಗೆ. ಕ್ರಯಪತ್ರವನ್ನು ಎರಡು ದಿನ ಭಾರವಾದ ಪುಸ್ತಕಗಳ ನಡುವೆ ಚಪ್ಪಟೆಯಾಗಿಟ್ಟು ಆಮೇಲೆ ಸ್ಕ್ಯಾನ್ ಮಾಡಿ. ಹಿಂಬದಿಯ ಬರಹ ಇಣುಕದಿರಲು ಅದರ ಬೆನ್ನಿಗೆ ಒಂದು ಕಪ್ಪು ಹಾಳೆ ಇಡಿ. ಬಣ್ಣದಲ್ಲೇ ತೆಗೆಯಿರಿ, ಹಳದಿ ಹಳದಿಯಾಗಿ, ಮೊಹರು ನೇರಳೆಯಾಗಿ ಬರುತ್ತದೆ, ಬೂದಿ ಮಾಯ. 'ಟೆಕ್ಸ್ಟ್ ಎನ್‌ಹಾನ್ಸ್' ಎಂಬಂಥ ಅಲಂಕಾರಗಳನ್ನು ಆಫ್ ಮಾಡಿ, ಅವು ಮಸುಕಾದ ಹೆಬ್ಬೆಟ್ಟನ್ನು ಕೊಳೆಯೆಂದು ತಿಳಿದು ತೊಳೆದುಬಿಡುತ್ತವೆ. 300ರಲ್ಲಿ ಒಂದು ಎ4 ಪುಟ ಎಂದರೆ 2480 × 3508 ಚುಕ್ಕಿ, ಹಿಂಡದೆ ಇಟ್ಟರೆ ಸುಮಾರು 26 ಎಂಬಿ. 600ಕ್ಕೆ ಅದರ ನಾಲ್ಕರಷ್ಟು. ಬರಹಕ್ಕೆ 300, ಮೊಹರು ಮತ್ತು ಹೆಬ್ಬೆಟ್ಟು ಇರುವ ಪುಟಕ್ಕೆ 600 ಇರಲಿ. 2024ರಲ್ಲಿ ರಾಜ್ಯದ ಕಂದಾಯ ಇಲಾಖೆ 'ಭೂ ಸುರಕ್ಷಾ' ಎಂದು ತಾಲ್ಲೂಕು ಕಚೇರಿಗಳ ಹಳೆ ಕಡತಗಳನ್ನು ಸ್ಕ್ಯಾನ್ ಮಾಡಲು ಹೊರಟದ್ದೂ ಹೀಗೆ ಶಿಥಿಲವಾಗುವ ಕಾಗದಗಳಿಗಾಗಿಯೇ. ನಿಮ್ಮ ಮನೆಯ ಟ್ರಂಕಿನ ಕಾಗದಗಳಿಗೆ ನೀವೇ ಇಲಾಖೆ. ಆದರೆ ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಕೋರ್ಟಿಗೆ, ಬ್ಯಾಂಕಿಗೆ ಅದು ಮೂಲ ಪತ್ರವಾಗದು. ನೋಂದಣಿಯಾದ ಪತ್ರದ ದೃಢೀಕೃತ ನಕಲು ಬೇಕಾದರೆ ಉಪ ನೋಂದಣಾಧಿಕಾರಿ ಕಚೇರಿಗೇ ಹೋಗಬೇಕು.

ಮಗಳ ಫೋಟೊ ತಿರಸ್ಕಾರವಾದದ್ದಕ್ಕೆ ಬರೋಣ. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ: ಚಿಕ್ಕ ಫೋಟೊವನ್ನು ಗಾಜಿನ ಮೂಲೆಯಲ್ಲಿಟ್ಟು ಇಡೀ ಎ4 ಸ್ಕ್ಯಾನ್ ಮಾಡಿ ಹಾಗೇ ಹಾಕಿದ್ದೀರಿ. ಇಂಥ ಅರ್ಜಿಗಳಲ್ಲಿ ಇಷ್ಟು ಕೆಬಿ ಮೀರಬಾರದು ಎಂಬ ಮಿತಿ ಇರುತ್ತದೆ. ದೊಡ್ಡ ಬಿಳಿ ಹಾಳೆಯ ಮೂಲೆಯಲ್ಲಿ ಮುಖ ಎಷ್ಟು ಕಂಡೀತು? 3.5 × 4.5 ಸೆಂಟಿಮೀಟರಿನ ಫೋಟೊವನ್ನು 300ರಲ್ಲಿ ಸ್ಕ್ಯಾನ್ ಮಾಡಿ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಸುಮಾರು 413 × 531 ಚುಕ್ಕಿ ಬರುತ್ತದೆ, ಜೆಪೆಗ್ ಮಾಡಿ ಅಗತ್ಯದಷ್ಟು ಹಿಂಡಿದರೆ ಮಿತಿಯೊಳಗೆ ಕೂರುತ್ತದೆ. ಸಹಿಗೂ ಹಾಗೆಯೇ: ಬಿಳಿ ಹಾಳೆ, ಕಪ್ಪು ಪೆನ್ನು, ಅಂಚಿಗೆ ಕತ್ತರಿಸುವುದು.

ಚೆಂಡುಹೂವಿನ ವಿಷಯದಲ್ಲಿ ಮೆಷಿನ್ನಿನ ಪರವಾಗಿ ನಾನು ವಕಾಲತ್ತು ಹಾಕುತ್ತೇನೆ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಹೊಲಗಳಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಆ ಕಿತ್ತಳೆ ಬಣ್ಣವಿದೆಯಲ್ಲ, ನಾಲ್ಕು ಇಂಕಿನ ಮೆಷಿನ್ನಿಗೆ ಅತಿ ಕಷ್ಟದ ಬಣ್ಣಗಳಲ್ಲಿ ಅದೂ ಒಂದು. ಫೋನಿನ ಪರದೆ ತಾನೇ ಬೆಳಕು ಬೀರುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಸಾಲದ್ದಕ್ಕೆ ನೀವು ತೆಗೆದದ್ದು ಬಹುಶಃ ಮಾಮೂಲಿ ಹಾಳೆಯಲ್ಲಿ. ಇಂಕೆಲ್ಲ ಒಳಗೆ ಇಂಗಿ ಬಣ್ಣ ಸತ್ತಿದೆ. ನಾಲ್ಕೈದು ಗ್ಲಾಸಿ ಫೋಟೊ ಹಾಳೆ ತಂದು, ಸೆಟ್ಟಿಂಗ್‌ನಲ್ಲೂ ಫೋಟೊ ಪೇಪರ್ ಎಂದೇ ಆರಿಸಿ, 'ಹೈ'ನಲ್ಲಿ ತೆಗೆಯಿರಿ. ಹಗಲ ಬೆಳಕಿನಲ್ಲಿ ಮೊದಲು ಮಗಳ ಮುಖ ನೋಡಿ. ಮೈಬಣ್ಣ ಸಹಜವಾಗಿದ್ದು, ಕೂದಲಿನ ಕಪ್ಪು ಒಂದೇ ಮುದ್ದೆಯಾಗದಿದ್ದರೆ ಪಾಸು. ಹೂವು ಪರದೆಯಷ್ಟು ಉರಿಯುವುದಿಲ್ಲ, ಅದನ್ನು ಕ್ಷಮಿಸಿ. ಇಂಥ ಪುಟಕ್ಕೆ ಇಂಕ್ ಧಾರಾಳ ಹೋಗುತ್ತದೆ ಎಂಬುದೂ ನೆನಪಿರಲಿ. ಬಾಟಲಿಯ ಮೇಲಿನ ಸಾವಿರಾರು ಪುಟದ ಲೆಕ್ಕ ಕಚೇರಿ ಕಾಗದದಂಥ ಮಾದರಿ ಪುಟಗಳ ಮೇಲೆ ಹಾಕಿದ್ದು, ಹಾಳೆ ತುಂಬ ಬಣ್ಣವಿರುವ ಫೋಟೊಗೆ ಅನ್ವಯಿಸದು.

ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ದಿನಕ್ಕೆ ನೂರಾರು ಕಪ್ಪು ಪುಟ ತೆಗೆಯುವವನಿಗೆ ಲೇಸರ್ ಸರಿ. ಅದರ ಟೋನರ್ ಪುಡಿ ಬಿಸಿಗೆ ಕರಗಿ ಹಾಳೆಗೆ ಅಂಟುತ್ತದೆ, ಅಕ್ಷರ ಚೂಪು, ನೀರಿಗೆ ಹರಿಯುವುದಿಲ್ಲ, ತಿಂಗಳು ಬಿಟ್ಟರೂ ಒಣಗುವುದಿಲ್ಲ. ಆದರೆ ನಿಮ್ಮ ಹದಿನಾಲ್ಕು ಸಾವಿರಕ್ಕೆ ಬಣ್ಣದ ಲೇಸರ್ ಸಿಗುವುದು ಕಷ್ಟ. ಮಗಳ ಪ್ರಾಜೆಕ್ಟಿಗೆ, ಮೊಹರಿರುವ ಕಾಗದಕ್ಕೆ ಬಣ್ಣ ಬೇಕು. ಅಂಗಡಿಯವನ ಕಣ್ಣಿನಿಂದ ಅವನು ನೋಡಿದ್ದಾನೆ, ತಪ್ಪೇನಿಲ್ಲ.

ಮನೆಯವರ ಮಾತಿಗೆ ಮಾತಿನಿಂದ ಉತ್ತರ ಕೊಡಬೇಡಿ. ಆ ಕನ್ನಡ ಸಾಲುಗಳ ಪಿಡಿಎಫನ್ನು ತಮ್ಮನ ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು, ಒಂದೇ ಬಂಡಲಿನ ಹಾಳೆಯಲ್ಲಿ ತೆಗೆಸಿ. ಹಿಂಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಯಾವುದು ಯಾವುದೆಂದು ಹೇಳದೆ ಅವರ ಕೈಗೆ ಕೊಡಿ. ಅಂಗಡಿಯದೇ ಚೆನ್ನ ಎಂದರೂ ಬೇಸರ ಬೇಡ, ವ್ಯತ್ಯಾಸ ಎಷ್ಟು ಸಣ್ಣದೆಂದು ಅವರೇ ನೋಡಿರುತ್ತಾರೆ. ಹಣ ನಿಮ್ಮ ದುಡಿಮೆಯದು, ಅದಕ್ಕೆ ನೀವು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎಂಬುದು ಬೇರೆ ಮಾತು, ಅದನ್ನು ಇನ್ನೊಂದು ದಿನ ಸಮಾಧಾನವಾಗಿ ಹೇಳಿ.

ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಜಾಗ್ರತೆ ಬೇಕು. ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ, ಮೆಷಿನ್ನಿನ ಗುಂಡಿಯಿಂದಲೇ ಆಫ್ ಮಾಡಿ. ಆಗ ಹೆಡ್ ತನ್ನ ಗೂಡಿಗೆ ಹೋಗಿ ಮುಚ್ಚಿಕೊಳ್ಳುತ್ತದೆ. ತೆರೆದಿದ್ದರೆ ಮಾರ್ಚ್–ಏಪ್ರಿಲ್‌ನ ಬಿಸಿಲಿಗೆ ಇಂಕ್ ಬಾಯಲ್ಲೇ ಒಣಗುತ್ತದೆ. ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿರಿ.

ಇಷ್ಟೆಲ್ಲ ಮಾಡಿಯೂ ನಾಜಲ್ ಗೆರೆ ಅದೇ ಜಾಗದಲ್ಲಿ ಕಡಿದರೆ, ಗಾಜು ಒರೆಸಿದ ಮೇಲೂ ಪ್ರತಿ ಸ್ಕ್ಯಾನಿನಲ್ಲಿ ಅದೇ ಗೀಟು ಬಂದರೆ, ಅಥವಾ ಸ್ಕೇಲಿನ ಅಳತೆ ಒಂದು ದಿಕ್ಕಿನಲ್ಲಿ ತಪ್ಪಿದರೆ ಮೆಷಿನ್ನಿನದೇ ದೋಷ. ಆಗ ಮೈಸೂರಿಗೆ ಫೋನ್ ಮಾಡಿ, ಕ್ಲೀನಿಂಗ್‌ಗೆ ಮುಂಚಿನ ಪುಟ, ಆಮೇಲಿನ ಪುಟ, ಬಿಲ್ ಮೂರನ್ನೂ ತೆಗೆದುಕೊಂಡು ವಾರಂಟಿ ಮುಗಿಯುವ ಮುನ್ನ ಹೋಗಿ. ಅಲ್ಲಿಯವರೆಗೆ ಬೇರೆ ಕಂಪನಿಯ ಅಗ್ಗದ ಇಂಕ್ ಸುರಿಯಬೇಡಿ, ಜಗಳಕ್ಕೆ ಅವರಿಗೆ ಅದೇ ನೆಪವಾಗುತ್ತದೆ. ಇನ್ನು ಆ ಕ್ರಯಪತ್ರವನ್ನು ಯಾರು ಎಷ್ಟೇ ಹೇಳಿದರೂ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಒಮ್ಮೆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಳೆ ಕಾಗದದಿಂದ ಹರಿಯದೆ ಬಿಡಿಸಲಾಗುವುದಿಲ್ಲ.